ಸೂಪರ್‌ಮಾರ್ಕೆಟ್ ಶೀತಲೀಕರಣದ ತಾಂತ್ರಿಕ ಸಮಿತಿ ನಿಜಕ್ಕೂ ಏನು ಮಾಡುತ್ತದೆ?

ಶೀತಲೀಕರಣ, ಹವಾನಿಯಂತ್ರಣ ಎಂಜಿನಿಯರ್‌ಗಳ ಅಮೆರಿಕದ ಸಂಸ್ಥೆಯಾದ ಆಶ್ರೇಯ 10.7ನೇ ಸಮಿತಿಯನ್ನೇ ತೆಗೆದುಕೊಳ್ಳಿ. ತಯಾರಕರು, ಎಂಜಿನಿಯರ್‌ಗಳು, ಸಂಶೋಧಕರು ಸ್ವಯಂಪ್ರೇರಿತರಾಗಿ ಸೇರಿ, ಯಾವ ಸಂಶೋಧನೆ ಬೇಕೆಂದು ಕರಡು ಬರೆದು, ಆ ಕೆಲಸದ ಮೇಲೆ ಕಣ್ಣಿಡುತ್ತಾರೆ; ಸಂಸ್ಥೆಯ ಕೈಪಿಡಿಯಲ್ಲಿ ಈ ವಿಷಯದ ಅಧ್ಯಾಯವನ್ನೂ ಪರಿಷ್ಕರಿಸುತ್ತಾರೆ. ಮಾನದಂಡ ಬರೆಯುವ ತಂಡ ಬೇರೆ.

ಮಾನದಂಡದ ಮಹತ್ವ ತಿಳಿಯಲು, ಅಂಗಡಿಯ ಶೀತಲ ಪ್ರದರ್ಶನ ಕಪಾಟುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 23953ರ ಪರೀಕ್ಷೆ ನೋಡಬೇಕು. ಪ್ರದರ್ಶನ ಕಪಾಟಿನ ತುಂಬ ಮಾಂಸದಂತೆಯೇ ತಣಿಯುವ ಜೆಲ್ ಪೊಟ್ಟಣಗಳನ್ನು ಪೇರಿಸಿ, ಕೆಲವುಗಳ ನಟ್ಟನಡುವೆ ಉಷ್ಣತಾ ಸಂವೇದಕ ಇಟ್ಟಿರುತ್ತಾರೆ. ಕಪಾಟಿಗೆ ಎಂ1 ಎಂಬ ಉಷ್ಣತಾ ದರ್ಜೆ ಬೇಕೆಂದರೆ ಅತಿ ಬೆಚ್ಚಗಿನ ಪೊಟ್ಟಣವೂ 5 ಡಿಗ್ರಿ ಸೆಲ್ಸಿಯಸ್ ದಾಟುವಂತಿಲ್ಲ. ಬರೀ ಗಾಳಿಯ ಉಷ್ಣತೆ ಅಳೆದರೆ ಮೂಲೆಯಲ್ಲಿ ಬಿಸಿಯಾಗುತ್ತಿರುವ ಆಹಾರ ಗೊತ್ತೇ ಆಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಮಾನದಂಡದ ಜೀವಾಳ ಈ ಪೊಟ್ಟಣಗಳೇ.

ಇನ್ನು ಸುರಕ್ಷತೆ: 2019ರಲ್ಲಿ ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಇಸಿ, ತಣಿಸಲು ಬಳಸುವ, ಆದರೆ ಬೆಂಕಿ ಹೊತ್ತಿಕೊಳ್ಳಬಲ್ಲ ಅನಿಲವಾದ ಪ್ರೊಪೇನ್‌ನ ಮಿತಿಯನ್ನು 150 ಗ್ರಾಂನಿಂದ ಸುಮಾರು 500 ಗ್ರಾಂಗೆ ಏರಿಸಿತು. ದೊಡ್ಡ ಕಪಾಟುಗಳಲ್ಲೂ ಅದನ್ನು ಬಳಸಲು ದಾರಿಯಾದದ್ದು ಹಾಗೆ.