ಹಳೆಯ ಫೋಟೋಗಳಿಂದ ಕಲಾವಿದರ ಮನೆತನದ ಚರಿತ್ರೆ ಬರೆಯಬಹುದೇ?

ಮುತ್ತಜ್ಜ ಯಕ್ಷಗಾನದಲ್ಲಿ ಪದ್ಯ ಹಾಡುವ ಭಾಗವತರು, ಅಜ್ಜ ಅದಕ್ಕೆ ಮದ್ದಳೆ ನುಡಿಸುವ ಮದ್ದಳೆಗಾರರು, ದೊಡ್ಡಪ್ಪ ಚಿತ್ರ ಬರೆಯುತ್ತಿದ್ದರು, ಈಗ ಗೋಡೆಯ ಮೇಲಿನ ಫೋಟೋಗಳಷ್ಟೇ ಉಳಿದಿವೆ, ಇವುಗಳಿಂದ ಮನೆತನದ ಚರಿತ್ರೆ ಬರೆಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಬರೆಯಬಹುದು. ನಾನು ಉಡುಪಿಯವನು, ನಮ್ಮದೂ ಚೆಂಡೆ-ಮದ್ದಳೆಯ ಮನೆ. ಸ್ಕ್ಯಾನರ್ ಹುಡುಕುವ ಮೊದಲು ಮನೆಯಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು ಯಾರಿದ್ದಾರೋ ಅವರ ಹತ್ತಿರ ಹೋಗಿ ಕೂತುಕೊಳ್ಳಿ.

ಯಾಕೆಂದರೆ ನಮ್ಮ ಮನೆಯ ಗುಂಪು ಫೋಟೋದಲ್ಲಿ ವಾದ್ಯ ಇರುವುದು ಗಂಡಸರ ಕೈಯಲ್ಲಿ ಮಾತ್ರ. ಅಜ್ಜಿ ಮಗು ಎತ್ತಿಕೊಂಡು ಒಂದು ಬದಿಗೆ ನಿಂತಿದ್ದಾರೆ. ಆದರೆ ಪ್ರಸಂಗದ ಪದ್ಯಗಳೆಲ್ಲ ಅವರಿಗೆ ಬಾಯಿಪಾಠ. ಮೇಳ, ಅಂದರೆ ಯಕ್ಷಗಾನದ ತಂಡ, ದೀಪಾವಳಿ ಹೊತ್ತಿಗೆ ಹೊರಟರೆ ಗೆಜ್ಜೆ ಬಿಚ್ಚುವುದು ಪತ್ತನಾಜೆಗೆ, ಅಂದರೆ ಮೇ ಕೊನೆಗೆ. ಅಷ್ಟು ತಿಂಗಳು ಅಜ್ಜ ತಿರುಗಾಟದಲ್ಲಿ. ಮಕ್ಕಳಿಗೆ ತಾಳ ಹೇಳಿಕೊಟ್ಟದ್ದು ಅಜ್ಜಿ. ಚಿಕ್ಕಮ್ಮ ಹೇಳದೇ ಇದ್ದಿದ್ದರೆ ನಮಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಅಂದಹಾಗೆ, ಇಡೀ ಮನೆಯವರು ಒಟ್ಟಿಗಿರುವ ಫೋಟೋ ಮಳೆಗಾಲದ್ದೋ ನವರಾತ್ರಿ ಹೊತ್ತಿನದ್ದೋ ಇರುವ ಸಾಧ್ಯತೆ ಜಾಸ್ತಿ. ಉಳಿದ ದಿನ ಕಲಾವಿದರು ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ ಅಲ್ವಾ?

ವೇಷದ ಫೋಟೋ ಇದ್ದರೆ ತಲೆಯ ಕಡೆ ನೋಡಿ. ಕೇದಗೆ ಮುಂದಲೆ ಎಂಬ ತಲೆಕಟ್ಟು ಕಂಡರೆ ಬಡಗುತಿಟ್ಟು, ಅಂದರೆ ಯಕ್ಷಗಾನದ ಬಡಗು (ಉತ್ತರ) ಶೈಲಿ; ಇನ್ನೊಂದು ತೆಂಕು (ದಕ್ಷಿಣ) ಶೈಲಿ. ಚೆಂಡೆಯೂ ತೆಂಕಿನದ್ದು ಬೇರೆ, ಬಡಗಿನದ್ದು ಬೇರೆ. ಯಾವ ಮೇಳದಲ್ಲಿದ್ದರು ಎಂದು ಹುಡುಕಲು ಇದು ಒಳ್ಳೆಯ ಸುಳಿವು.

ಕೈಯಲ್ಲಿನ ವಾದ್ಯ ಯಾವ ತಲೆಮಾರಿನಲ್ಲಿ ಬದಲಾಯಿತು ಅನ್ನುವುದನ್ನೂ ಗಮನಿಸಿ. ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರ ಮನೆಯನ್ನೇ ನೋಡಿ. ತಂದೆ ತನಿಯಪ್ಪ ನಾಗಸ್ವರ ನುಡಿಸುತ್ತಿದ್ದರು. 1949ರಲ್ಲಿ ಹುಟ್ಟಿದ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೊಫೋನ್ ಕೇಳಿ ಮನಸೋತು ಅದನ್ನೇ ಹಿಡಿದರು. 1994ರಲ್ಲಿ ಲಂಡನ್ನಿನ ಸಂಗೀತೋತ್ಸವ ಬಿಬಿಸಿ ಪ್ರಾಮ್ಸ್‌ನಲ್ಲಿ ಅದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಗೋಪಾಲನಾಥರ ಮಗ ಮಣಿಕಾಂತ್ ಕದ್ರಿ ಸಿನಿಮಾ ಸಂಗೀತಕ್ಕೆ ಬಂದರು. ನಿಮ್ಮ ಮನೆಯಲ್ಲಿ ಭಾಗವತಿಕೆಯಿಂದ ಮದ್ದಳೆಗೆ, ಅಲ್ಲಿಂದ ಚಿತ್ರಕಲೆಗೆ ಹೋದದ್ದು ಯಾಕೆ? ಗಂಟಲು ಹೋಯಿತೇ, ಸಂಬಳ ಸಾಲಲಿಲ್ಲವೇ, ಅಥವಾ ಅಪ್ಪನ ತಿರುಗಾಟ ನೋಡಿ ಮಗನಿಗೆ ಬೇಡ ಅನ್ನಿಸಿತೇ? ಇದನ್ನು ಕೇಳದೆ ಸುಮ್ನೆ ವಂಶವೃಕ್ಷ ಬರೆದರೆ ಹೆಸರುಗಳಷ್ಟೇ ಸಿಗುತ್ತವೆ.

ದೊಡ್ಡಪ್ಪ ಬರೆದ ಮುತ್ತಜ್ಜನ ಚಿತ್ರ ಇದ್ದರೆ ಅದನ್ನು ಫೋಟೋದ ಪಕ್ಕ ಇಟ್ಟು ನೋಡಿ. ಫೋಟೋದಲ್ಲಿ ಇಲ್ಲದ ಶಾಲು, ಕಿವಿಯ ಕಡುಕು, ಪದಕ ಚಿತ್ರದಲ್ಲಿ ಬಂದಿರಬಹುದು. ಮಗ-ಮೊಮ್ಮಕ್ಕಳಿಗೆ ಆ ಹಿರಿಯರು ಹೇಗೆ ಕಾಣಬೇಕಿತ್ತು ಅನ್ನುವುದು ಅಲ್ಲಿದೆ. ನನಗಂತೂ ಅದು ಫೋಟೋದಷ್ಟೇ ಮುಖ್ಯ.

ನಮ್ಮ ಕರಾವಳಿಯ ತೇವಕ್ಕೆ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ. ಸ್ಕ್ಯಾನಿನ ಸ್ಪಷ್ಟತೆ 600 ಡಿಪಿಐ ಇರಲಿ. ಹಿಂಬದಿಯನ್ನೂ ಮಾಡಿಸಿ, ಸ್ಟುಡಿಯೋದ ಮೊಹರು ಅಲ್ಲಿರಬಹುದು. ಲ್ಯಾಮಿನೇಷನ್ ಬೇಡವೇ ಬೇಡ. ಮಳೆಗೆ ಒದ್ದೆಯಾಗುವ ಗೋಡೆಯಿಂದ ಇವತ್ತೇ ಇಳಿಸಿ.

ಹಿರಿಯರು ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿ, ಫ್ಯಾನ್ ಆರಿಸಿಬಿಡಿ. ನಡುವೆ ಒಂದು ಪದ್ಯ ಹೇಳಲು ಶುರು ಮಾಡಿದರೆ ತಡೆಯಬೇಡಿ. ಯಾರಿಂದ ಕಲಿತಿರಿ ಎಂದು ಆಮೇಲೆ ಕೇಳಿ, ಆ ಹೆಸರನ್ನೂ ಬರೆದುಕೊಳ್ಳಿ.