ತಡೆದದ್ದೂ ಅವರೇ, ಮುಗಿಬಿದ್ದು ನೋಡಿದ್ದೂ ಅವರೇ

ಓದುಗರ ಪತ್ರ: "ಯುದ್ಧದ ಸಿನಿಮಾಗಳ ಬಗ್ಗೆ ಬರೆಯುತ್ತಾ ಚೀನಾದ 'ದಿ ಎಯ್ಟ್ ಹಂಡ್ರೆಡ್' ಚಿತ್ರವನ್ನು ಹೊಗಳಿದ್ದೀರಿ. ಮೊಮ್ಮಗನ ಜೊತೆ ಕೂತು ನೋಡಿದೆ. ಬಾವುಟ, ಕಣ್ಣೀರು, ಎದೆ ತಟ್ಟಿಕೊಳ್ಳುವುದು, ಎರಡೂವರೆ ಗಂಟೆ ಇದೇ ಪಾಡು. ಅಪ್ಪಟ ಸರ್ಕಾರಿ ಪ್ರಚಾರ ಅನ್ನಿಸಿತು. ಆಮೇಲೆ ತಿಳಿಯಿತು, ಅದನ್ನು ಚೀನಾದಲ್ಲೇ ಒಂದು ವರ್ಷ ತಡೆದಿಟ್ಟಿದ್ದರಂತೆ! ತಮ್ಮದೇ ಪ್ರಚಾರದ ಚಿತ್ರವನ್ನು ಯಾರಾದರೂ ತಡೆಯುತ್ತಾರಾ? ಅಲ್ಲಿನ ಜನ ಮೆಚ್ಚಿದ್ದಾರೆ, ವಿಮರ್ಶಕರು ತಲೆಗೊಂದು ಮಾತಾಡಿದ್ದಾರೆ. ಯಾರನ್ನು ನಂಬುವುದು? ಇದನ್ನು ಇತಿಹಾಸ ಅಂತ ಮಕ್ಕಳಿಗೆ ತೋರಿಸಬಹುದಾ?"
– ನಿವೃತ್ತ ಇತಿಹಾಸ ಮೇಷ್ಟ್ರು, ಶಿರಸಿ

ಮೇಷ್ಟ್ರಿಗೆ ನಮಸ್ಕಾರ.

ನಿಮಗೆ ಬೇಸರ ತರಿಸಿದ ಆ ಬಾವುಟ ಚೀನಾದ ಕೆಲವು ಹಿರಿಯರಿಗೂ ಬೇಸರ ತರಿಸಿತ್ತು. ಕಾರಣ ಮಾತ್ರ ಬೇರೆ. ಅದು ಇವತ್ತಿನ ಚೀನಾದ ಬಾವುಟ ಅಲ್ಲ. ಕಮ್ಯುನಿಸ್ಟರಿಗಿಂತ ಮೊದಲು ಚೀನಾ ಆಳುತ್ತಿದ್ದ ಚಿಯಾಂಗ್ ಕೈ ಶೇಕ್ ಕಾಲದ ಹಳೆಯ ಚೀನಾ ಗಣರಾಜ್ಯದ್ದು. ಮೂಲೆಯಲ್ಲಿ ನೀಲಿ, ಅದರೊಳಗೆ ಬಿಳಿ ಸೂರ್ಯ, ಉಳಿದದ್ದೆಲ್ಲ ಕೆಂಪು. ಇವತ್ತು ಅದು ಹಾರುವುದು ತೈವಾನ್‌ನಲ್ಲಿ. ಇಷ್ಟು ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೇ.

ಚಿತ್ರ ನೋಡದ ಓದುಗರಿಗಾಗಿ ಕಥೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. 1937ರ ಆಗಸ್ಟ್‌ನಲ್ಲಿ ಶಾಂಘೈಗಾಗಿ ಜಪಾನ್ ಮತ್ತು ಚೀನಾ ನಡುವೆ ದೊಡ್ಡ ಯುದ್ಧ ಶುರುವಾಯಿತು. ಅಕ್ಟೋಬರ್ ಕೊನೆಯ ಹೊತ್ತಿಗೆ ಚೀನಾದ ಸೇನೆ ಹಿಂದೆ ಸರಿಯುತ್ತಿತ್ತು. ಆಗ 88ನೇ ಡಿವಿಷನ್ನಿನ ಒಂದು ತುಕಡಿಯನ್ನು ಸುಝೌ ಹೊಳೆಯ ದಂಡೆಯ ಸಿಹಾಂಗ್ ಗೋದಾಮಿನಲ್ಲಿ ಉಳಿಸಿದರು. ನಾಲ್ಕು ಬ್ಯಾಂಕುಗಳಿಗೆ ಸೇರಿದ್ದ ಗಟ್ಟಿಮುಟ್ಟಾದ ಕಾಂಕ್ರೀಟ್ ಕಟ್ಟಡ ಅದು. ಶಿಯೆ ಜಿನ್‌ಯುವಾನ್ ಅನ್ನುವ ಅಧಿಕಾರಿ ಅವರ ನಾಯಕ. ಅಕ್ಟೋಬರ್ 26ರಿಂದ ನವೆಂಬರ್ 1ರವರೆಗೆ ಅವರು ಗೋದಾಮು ಬಿಟ್ಟುಕೊಡಲಿಲ್ಲ. ನಿಜಕ್ಕೂ ಇದ್ದವರು ನಾಲ್ಕು ನೂರಕ್ಕಿಂತ ಸ್ವಲ್ಪ ಜಾಸ್ತಿ. ಶತ್ರುವಿಗೆ ತಮ್ಮ ಬಲ ತಿಳಿಯದಿರಲಿ ಎಂದು ಎಂಟುನೂರು ಜನ ಅಂತ ಸುದ್ದಿ ಹಬ್ಬಿಸಿದರು. ಸಿನಿಮಾದ ಹೆಸರೂ ಅದರಿಂದಲೇ ಬಂತು.

ಈ ಕಾಳಗದ ವಿಚಿತ್ರ ಇರುವುದು ಜಾಗದಲ್ಲಿ. ಹೊಳೆಯ ಆಚೆ ದಡ ವಿದೇಶಿಯರ ಆಡಳಿತದ ಅಂತರರಾಷ್ಟ್ರೀಯ ವಸಾಹತು. ಬ್ರಿಟಿಷರದ್ದೇ ಮೇಲುಗೈ. ಬೀದಿಯಲ್ಲಿ ನಮ್ಮ ಪಂಜಾಬಿನ ಸಿಖ್ ಪೊಲೀಸರೂ ಇದ್ದ ಊರು ಅದು. ಅಲ್ಲಿಗೆ ಗುಂಡು ಬಿದ್ದರೆ ಬ್ರಿಟನ್, ಅಮೆರಿಕ ಎರಡನ್ನೂ ಎದುರು ಹಾಕಿಕೊಂಡ ಹಾಗೆ. ಅದಕ್ಕೇ ಜಪಾನಿಯರು ಗೋದಾಮಿನ ಮೇಲೆ ಭಾರಿ ಫಿರಂಗಿ, ವಿಮಾನ ಬಳಸಲು ಹಿಂಜರಿದರು. ಈಚೆ ದಡದಲ್ಲಿ ಹೆಣ ಬೀಳುತ್ತಿತ್ತು, ಆಚೆ ದಡದಲ್ಲಿ ದೀಪ ಉರಿಯುತ್ತಿತ್ತು. ಸಾವಿರಾರು ಜನ ಹೊಳೆಯ ಅಂಚಿಗೆ ಬಂದು ನಿಂತು ನೋಡಿದರು. ಇದು ನಿರ್ದೇಶಕರ ಕಲ್ಪನೆ ಅಲ್ಲ, ನಡೆದದ್ದೇ.

ಈಗ ತಡೆಯ ವಿಷಯ. 2019ರ ಜೂನ್‌ನಲ್ಲಿ ಈ ಚಿತ್ರ ಶಾಂಘೈ ಚಿತ್ರೋತ್ಸವದ ಉದ್ಘಾಟನೆಗೆ ಗೊತ್ತಾಗಿತ್ತು. ಹಿಂದಿನ ದಿನ "ತಾಂತ್ರಿಕ ಕಾರಣ" ಎಂದು ಹೇಳಿ ವಾಪಸ್ ತೆಗೆದರು. ಜುಲೈನ ಬಿಡುಗಡೆಯೂ ರದ್ದಾಯಿತು. ಅಸಲಿ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕೆಲವೇ ದಿನ ಮುಂಚೆ ಕೆಂಪು ಸಂಸ್ಕೃತಿಯ ಹೆಸರಿನ ಒಂದು ಸಂಘದವರು ಸಭೆ ಸೇರಿ ಚಿತ್ರವನ್ನು ತರಾಟೆಗೆ ತೆಗೆದುಕೊಂಡಿದ್ದರು. ಗೋದಾಮಿನಲ್ಲಿದ್ದ ಸೈನಿಕರು ಚಿಯಾಂಗ್ ಅವರ ಕೋಮಿಂಟಾಂಗ್ ಪಕ್ಷದ ಸರ್ಕಾರದವರು. ಅಂದರೆ ಆಮೇಲೆ ಕಮ್ಯುನಿಸ್ಟರ ಕೈಯಲ್ಲಿ ಸೋತು ತೈವಾನ್‌ಗೆ ಹೋದವರ ಕಡೆಯವರು. ಅವರನ್ನು ಇಷ್ಟು ಎತ್ತರಕ್ಕೆ ಏರಿಸುವುದೇ? ಆ ಸೇನೆಯ ಅಧಿಕಾರಿಗಳ ದಬ್ಬಾಳಿಕೆ ಎಲ್ಲಿ ಹೋಯಿತು? ಆ ಬಾವುಟಕ್ಕೆ ಇಷ್ಟೊಂದು ಮರ್ಯಾದೆಯೇ? ಇದು ಅವರ ತಕರಾರು. ಅದೂ ಕಮ್ಯುನಿಸ್ಟ್ ಚೀನಾಕ್ಕೆ ಎಪ್ಪತ್ತು ತುಂಬುತ್ತಿದ್ದ ವರ್ಷ. ತಮಾಷೆ ನೋಡಿ, 2015ರಲ್ಲೇ ಅದೇ ಗೋದಾಮಿನಲ್ಲಿ ಅದೇ ಸೈನಿಕರ ಸ್ಮಾರಕ ತೆರೆದಿತ್ತು. ಗೋಡೆಯ ಮೇಲಿನ ಗುಂಡೇಟಿನ ತೂತುಗಳನ್ನು ಊರಿಗೆಲ್ಲ ತೋರಿಸಬಹುದಂತೆ, ಸಿನಿಮಾ ಪರದೆಯ ಮೇಲೆ ಮಾತ್ರ ಬೇಡವಂತೆ!

ಹಾಗಾಗಿ "ಸರ್ಕಾರದ ಪ್ರಚಾರ" ಅನ್ನುವಾಗ ಸರ್ಕಾರಕ್ಕೆ ಒಂದೇ ಬಾಯಿ ಅಂದುಕೊಳ್ಳಬೇಡಿ. ಜಪಾನ್ ವಿರುದ್ಧ ಇಡೀ ದೇಶ ಒಟ್ಟಾಗಿ ಹೋರಾಡಿತು ಎಂಬ ಕಥೆ ಬೇಕು ಅನ್ನುವವರು ಅಲ್ಲಿದ್ದಾರೆ. ಕಮ್ಯುನಿಸ್ಟ್ ಪಕ್ಷವೇ ಮುಂದೆ ನಿಂತು ಗೆಲ್ಲಿಸಿತು ಎಂಬ ಕಥೆಯೇ ಬೇಕು ಅನ್ನುವವರೂ ಇದ್ದಾರೆ. ಚಿತ್ರ ಇವರಿಬ್ಬರ ನಡುವೆ ಸಿಕ್ಕಿಕೊಂಡಿತು.

ಕೊನೆಗೆ ಬಿಡುಗಡೆಯಾದದ್ದು 2020ರ ಆಗಸ್ಟ್ 21ರಂದು. ಹತ್ತು ನಿಮಿಷಕ್ಕಿಂತ ಜಾಸ್ತಿ ಕತ್ತರಿ ಬಿದ್ದಿತ್ತು ಎಂದು ವರದಿಯಾಯಿತು. ಬಾವುಟ ಮಾತ್ರ ಎಲ್ಲೂ ನೆಟ್ಟಗೆ ಕಾಣುವುದಿಲ್ಲ. ನೀವು ಗಮನಿಸಿರಬಹುದು. ಅದನ್ನು ಏರಿಸಲು ಜನ ಸಾಯುತ್ತಾರೆ, ಆಚೆ ದಡದವರು ಅಳುತ್ತಾರೆ, ಆದರೆ ಬಾವುಟ ದೂರದಲ್ಲಿ, ಹೊಗೆಯಲ್ಲಿ, ಮಸುಕಾಗಿ. ಇದನ್ನು ಹಲವು ವಿಮರ್ಶಕರು ಎತ್ತಿ ಆಡಿದರು. ಸರಿಯಾಗೇ ಆಡಿದರು. ಬಾವುಟಕ್ಕಾಗಿ ಅಷ್ಟು ಪ್ರಾಣ ತೆತ್ತ ಮೇಲೆ ಅದು ಯಾವುದು ಎಂದು ತೋರಿಸುವ ಧೈರ್ಯ ಬೇಡವೇ?

ಜನ ಮುಗಿಬಿದ್ದದ್ದಕ್ಕೆ ಒಂದು ಸರಳ ಕಾರಣವೂ ಇತ್ತು. ಕೊರೊನಾದಿಂದ ಅಲ್ಲಿನ ಚಿತ್ರಮಂದಿರಗಳು ಜನವರಿ ಕೊನೆಯಿಂದ ಮುಚ್ಚಿದ್ದವು. ಜುಲೈ 20ರಿಂದ ಒಂದೊಂದಾಗಿ ತೆರೆದವು. ಮೊದಲು ನೂರಕ್ಕೆ 30 ಸೀಟು ಮಾತ್ರ, ಆಗಸ್ಟ್‌ನಲ್ಲಿ 50. ಆ ಹೊತ್ತಿಗೆ ಬಂದ ಮೊದಲ ದೊಡ್ಡ ಹೊಸ ಚಿತ್ರ ಇದು. ಇಡೀ ಚಿತ್ರವನ್ನು ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದಿದ್ದರು. ಗೋದಾಮು, ಹೊಳೆ, ಆಚೆ ದಡದ ಬೀದಿ, ಎಲ್ಲವನ್ನೂ ನಿಜ ಅಳತೆಯಲ್ಲೇ ಕಟ್ಟಿಸಿದ್ದರು. ತಿಂಗಳುಗಟ್ಟಲೆ ಮನೆಯಲ್ಲಿ ಕೂತಿದ್ದ ಜನ ಬಂದರು. ಗಳಿಕೆ 300 ಕೋಟಿ ಯುವಾನ್ ದಾಟಿತು. ಡಾಲರ್ ಲೆಕ್ಕದಲ್ಲಿ ಸುಮಾರು 46 ಕೋಟಿ. ಆ ವರ್ಷ ಹಾಲಿವುಡ್ ಮಂಕಾಗಿತ್ತು ನಿಜ. ಆದರೂ ಅರ್ಧ ಖಾಲಿ ಸೀಟುಗಳ ನಡುವೆ ಬಂದ ದುಡ್ಡು ಇದು.

ವಿಮರ್ಶಕರ ಮಾತು ಯಾಕೆ ಒಂದೊಂದು ಥರ? ಪಶ್ಚಿಮದ ವಿಮರ್ಶಕರು ಹೆಚ್ಚಾಗಿ ದೃಶ್ಯಗಳನ್ನು ಹೊಗಳಿದರು. ಪಾತ್ರಗಳು ಜಾಸ್ತಿ, ಯಾರು ಯಾರೆಂದು ಗೊತ್ತಾಗುವಷ್ಟರಲ್ಲಿ ಸತ್ತಿರುತ್ತಾರೆ, ಭಾವುಕತೆ ಅತಿಯಾಯಿತು ಎಂದರು. ಇತಿಹಾಸ ಬಲ್ಲವರ ದೂರು ಬೇರೆ. ಅದು ನಿಮಗೂ ಮುಖ್ಯ. ಚಿತ್ರದಲ್ಲಿ ಸೈನಿಕರು ಮೈಗೆ ಗ್ರೆನೇಡ್ ಕಟ್ಟಿಕೊಂಡು, ತಮ್ಮ ಹೆಸರು ಕೂಗುತ್ತಾ ಸಾಲಾಗಿ ಕೆಳಗೆ ಧುಮುಕುತ್ತಾರೆ. ಚೀನಾದಲ್ಲಿ ಹೇಳುತ್ತಾ ಬಂದ ಕಥೆಯಲ್ಲಿ ಹಾಗೆ ಹಾರಿದವನು ಒಬ್ಬನೇ, ಚೆನ್ ಶುಶೆಂಗ್. ಬಾವುಟದ ಮೇಲೆ ವಿಮಾನ ಎರಗಿ ಗುಂಡಿನ ಮಳೆ ಸುರಿಸುವ ದೃಶ್ಯವೂ ಕಟ್ಟಿದ್ದೇ. ಯಾಂಗ್ ಹುಯಿಮಿನ್ ಎಂಬ ಸ್ಕೌಟ್ ಹುಡುಗಿ ಆಚೆ ದಡದಿಂದ ಬಾವುಟ ತಂದುಕೊಟ್ಟದ್ದು ಮಾತ್ರ ನಿಜ. ಗೋದಾಮಿನೊಳಗೆ ಸತ್ತವರ ಸಂಖ್ಯೆ ಸಾಮಾನ್ಯವಾಗಿ ಹತ್ತರ ಆಸುಪಾಸು ಎನ್ನುತ್ತಾರೆ. ಚಿತ್ರ ನೋಡಿದವರಿಗೆ ನೂರಾರು ಅನ್ನಿಸುತ್ತದೆ.

ನಾನು ಹೊಗಳಿದ್ದು ಯಾವುದಕ್ಕೆ ಎಂದೂ ಹೇಳಿಬಿಡುತ್ತೇನೆ. ಬಾವುಟದ ದೃಶ್ಯಕ್ಕಂತೂ ಅಲ್ಲ. ಅದು ಉದ್ದ ಜಾಸ್ತಿ, ಸಂಗೀತ ಇನ್ನೂ ಜಾಸ್ತಿ. ನನಗೆ ಹಿಡಿಸಿದ್ದು ಆಚೆ ದಡ. ಅಲ್ಲಿ ಜೂಜು ಅಡ್ಡೆ ಇದೆ, ನಾಟಕ ಇದೆ, ದುರ್ಬೀನು ಹಿಡಿದ ಪ್ರೊಫೆಸರ್ ಇದ್ದಾರೆ, ಮೇಲೆ ಗಾಳಿನೌಕೆಯಲ್ಲಿ ಕೂತು ಇಣುಕುವ ವಿದೇಶಿಯರಿದ್ದಾರೆ. ಮೊದಮೊದಲು ಅವರಿಗೆ ಇದು ಪುಕ್ಕಟೆ ಬಯಲಾಟ. ರಾತ್ರಿಯಿಡೀ ನೋಡುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ಮೆಲ್ಲಗೆ ಒಬ್ಬೊಬ್ಬರ ಮುಖ ಬದಲಾಗುತ್ತದೆ. ಟೆಲಿಫೋನ್ ತಂತಿಯನ್ನು ಸೇತುವೆ ದಾಟಿಸಲು ಮಾಮೂಲಿ ಜನ ಒಬ್ಬರ ಹಿಂದೊಬ್ಬರು ಓಡಿ ಗುಂಡು ತಿನ್ನುತ್ತಾರಲ್ಲ, ಆ ದೃಶ್ಯ ಇನ್ನೊಮ್ಮೆ ನೋಡಿ. ಈಚೆ ದಡದಲ್ಲೂ ಕಥೆ ಶುರುವಾಗುವುದು ವೀರರಿಂದಲ್ಲ. ಹುಬೈ ಕಡೆಯ ಹಳ್ಳಿ ಹುಡುಗರು, ಹೇಗಾದರೂ ತಪ್ಪಿಸಿಕೊಂಡು ಊರು ಸೇರಬೇಕು ಅನ್ನುವವರು. ಪ್ರಚಾರದ ಚಿತ್ರಕ್ಕೆ ಇಂಥ ನಾಯಕರು ಒಗ್ಗುವುದಿಲ್ಲ, ಅಲ್ವಾ?

ಕೊನೆಯ ಭಾಗದಲ್ಲಿ ಸರ್ಕಾರದ ದೂತನೊಬ್ಬ ಶಿಯೆಯನ್ನು ಕಂಡು ನಿಜ ಹೇಳುತ್ತಾನೆ: ಈ ಹೋರಾಟ ಜಗತ್ತು ನೋಡಲಿ ಎಂದು ಇಟ್ಟ ಪ್ರದರ್ಶನ. ಇದಕ್ಕೆ ಇತಿಹಾಸದ ಬೆಂಬಲ ಇದೆ. ಬ್ರಸೆಲ್ಸ್‌ನಲ್ಲಿ ನವೆಂಬರ್ 3ಕ್ಕೆ ದೊಡ್ಡ ದೇಶಗಳ ಸಭೆ ಸೇರುವುದಿತ್ತು. ಅಲ್ಲಿ ಸಹಾಯ ಸಿಗುತ್ತದೆ ಎಂದು ಚಿಯಾಂಗ್ ನಂಬಿದ್ದರು. ಸಭೆಯಿಂದ ಏನೂ ಗಿಟ್ಟಲಿಲ್ಲ. ಈ ಮಾತು ಹೇಳುವ ಹೊತ್ತಿಗೆ ನಿರ್ದೇಶಕ ಗುವಾನ್ ಹೂ ತುಂಬ ಜಾಣರಾಗಿ ಕಾಣುತ್ತಾರೆ. ಅದರ ಬೆನ್ನಿಗೇ ಮತ್ತೆ ಅದೇ ಸಂಗೀತ, ಅದೇ ನಿಧಾನಗತಿಯ ಓಟ. ನಿಮ್ಮ ಸಿಟ್ಟಿಗೆ ಅಲ್ಲಿ ನನ್ನ ಪೂರ್ತಿ ಒಪ್ಪಿಗೆ ಇದೆ.

ಅಲ್ಲಿನ ಪ್ರೇಕ್ಷಕರನ್ನು ನಂಬಬೇಕಾ ಎಂದು ಕೇಳಿದ್ದೀರಿ. ಅವರ ಕಣ್ಣೀರು ನಾಟಕ ಅಂತ ನಾನು ಹೇಳಲಾರೆ. ಅಜ್ಜ ಅಜ್ಜಿ ಆ ಯುದ್ಧ ಕಂಡ ಮನೆಗಳು ಅಲ್ಲಿ ಎಷ್ಟೋ. ಕೋಮಿಂಟಾಂಗ್ ಸೇನೆಯಲ್ಲಿದ್ದ ಹಿರಿಯರ ಹೆಸರನ್ನು ಗಟ್ಟಿಯಾಗಿ ಹೇಳಲು ಹೆದರುತ್ತಿದ್ದ ಕಾಲವೂ ಅಲ್ಲಿ ಇತ್ತು. ಅಂಥವರಿಗೆ ಈ ಚಿತ್ರ ಬೇರೆಯೇ ಥರ ತಟ್ಟುತ್ತದೆ. ಆದರೆ ಅಲ್ಲಿ ಮೆಚ್ಚಿಕೊಳ್ಳುವುದು ಸುಲಭ, ಗೇಲಿ ಮಾಡುವುದು ಕಷ್ಟ. ಮರುವರ್ಷ ಕೊರಿಯಾ ಯುದ್ಧದ ಬಗ್ಗೆ ಇನ್ನೂ ದೊಡ್ಡ ಚೀನೀ ಚಿತ್ರ ಬಂತು. ಚಳಿಗೆ ಹೆಪ್ಪುಗಟ್ಟಿ ಸತ್ತ ಸೈನಿಕರನ್ನು ಆಡಿಕೊಂಡು ಪತ್ರಕರ್ತ ಲುವೊ ಚಾಂಗ್‌ಪಿಂಗ್ ಒಂದು ಮಾತು ಬರೆದರು. ಹುತಾತ್ಮರಿಗೆ ಅವಮಾನ ಎಂದು ಅವರನ್ನು ಬಂಧಿಸಿದರು. 2022ರಲ್ಲಿ ಏಳು ತಿಂಗಳ ಜೈಲು ಶಿಕ್ಷೆಯಾಯಿತು. ಇಂಥ ಕಡೆಯ ಪ್ರೇಕ್ಷಕರ ಅಭಿಪ್ರಾಯ ಓದುವಾಗ, ಅಲ್ಲಿ ಇಲ್ಲದ ಮಾತುಗಳ ಕಡೆಗೂ ಒಂದು ಕಣ್ಣು ಇರಲಿ.

ಮಕ್ಕಳಿಗೆ ತೋರಿಸುವ ವಿಷಯ. ಚಿಕ್ಕವರಿಗೆ ಖಂಡಿತ ಬೇಡ, ರಕ್ತ ಜಾಸ್ತಿ. ಪಿಯುಸಿ ಹುಡುಗರಿಗೆ ತೋರಿಸಿ. ಇತಿಹಾಸ ಅಂತ ಅಲ್ಲ, ಇತಿಹಾಸವನ್ನು ಹೇಗೆ ಹೇಳುತ್ತಾರೆ ಅನ್ನುವುದಕ್ಕೆ. ಜೊತೆಗೆ ಡಾಕ್ಟರ್ ಕೋಟ್ನಿಸ್ ಅವರ ಕಥೆಯನ್ನೂ ಹೇಳಿ. ಅದೇ ಯುದ್ಧಕ್ಕೆ 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಅವರೂ ಒಬ್ಬರು, ನಮ್ಮ ಗಡಿಯಾಚೆಯ ಸೊಲ್ಲಾಪುರದವರು. ಅವರು ದುಡಿದದ್ದು ಕಮ್ಯುನಿಸ್ಟರ ಎಂಟನೇ ಮಾರ್ಗದ ಸೇನೆಯ ಜೊತೆ. ತೀರಿಕೊಂಡದ್ದೂ ಅಲ್ಲೇ, 1942ರಲ್ಲಿ. ಹೀಗಾಗಿ ನಮಗೆ ಆ ಯುದ್ಧದ ಒಂದು ಮಗ್ಗುಲು ಮಾತ್ರ ಗೊತ್ತು. ಸಿಹಾಂಗ್‌ನದು ಇನ್ನೊಂದು ಮಗ್ಗುಲು.

ಚಿತ್ರ ನಿಲ್ಲಿಸಿದ ಕಡೆಯಿಂದ ಮುಂದೆ ನೀವೇ ಹೇಳಬೇಕಾದೀತು. ಕೊನೆಗೆ ಗೋದಾಮು ಬಿಟ್ಟು ಹೊಳೆಯಾಚೆಯ ವಸಾಹತಿಗೆ ದಾಟಿದ ಸೈನಿಕರನ್ನು ಯಾರೂ ಬೀಳ್ಕೊಟ್ಟು ಮನೆಗೆ ಕಳಿಸಲಿಲ್ಲ. ಜಪಾನಿಯರ ಒತ್ತಡಕ್ಕೆ ವಸಾಹತಿನ ಆಡಳಿತ ಅವರ ಬಂದೂಕು ಕಿತ್ತುಕೊಂಡು ಶಿಬಿರದಲ್ಲಿ ಕೂಡಿಹಾಕಿತು. 1941ರ ಏಪ್ರಿಲ್‌ನಲ್ಲಿ ಶಿಯೆಯನ್ನು ಅವರದೇ ಸೈನಿಕರಲ್ಲಿ ಕೆಲವರು ಕೊಂದರು. ಅದೇ ಡಿಸೆಂಬರ್‌ನಲ್ಲಿ ಜಪಾನ್ ಆ ವಸಾಹತನ್ನೂ ಹಿಡಿಯಿತು. ಉಳಿದವರನ್ನು ಜೀತಕ್ಕೆ ಹಚ್ಚಿದರು, ಕೆಲವರನ್ನು ನ್ಯೂಗಿನಿ ಕಡೆಗೂ ಸಾಗಿಸಿದರು. ಇದನ್ನು ಕೇಳಿದ ಮೇಲೆ ಹುಡುಗರು ಏನಂದರು ಎಂದು ಬರೆದು ಕಳಿಸಿ. ಓದುಗರ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ