ದುಃಖಸೂಚಕ ಪದಗಳನ್ನು ಕುರಿತ ನಿಮ್ಮ ಲೇಖನ

ಮಾನ್ಯರೇ,

ದುಃಖವನ್ನು ಸೂಚಿಸುವ ಪದಗಳ ಹುಟ್ಟು ಮತ್ತು ಅರ್ಥಗಳನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹತ್ತಾರು ಪದಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಒಂದೇ ವಾಕ್ಯದ ವ್ಯುತ್ಪತ್ತಿ ಹೇಳಿ ಮುಂದೆ ಸಾಗಿದ್ದೀರಿ. ನಿಘಂಟು ಮಾಡುವ ಕೆಲಸವನ್ನು ಲೇಖನ ಮಾಡಬೇಕಾಗಿಲ್ಲ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. ‘ವಿಷಾದ’ವು ‘ವಿಷ’ದಿಂದ ಬಂದಿದೆ ಎಂದಿದ್ದೀರಿ. ಅದು ಕೇವಲ ಧ್ವನಿಸಾಮ್ಯ. ‘ವಿ’ ಉಪಸರ್ಗಕ್ಕೆ ಕೂರು, ಕುಸಿ ಎಂಬ ಅರ್ಥದ ‘ಸದ್’ ಧಾತು ಸೇರಿ, ಇಕಾರದ ನಂತರದ ಸಕಾರವು ಷಕಾರವಾಗಿದೆ. ‘ಉಪನಿಷತ್’ನಲ್ಲಿರುವುದೂ ಇದೇ ಧಾತು, ಇದೇ ಮಾರ್ಪಾಡು. ‘ದುಃಖ’ವೆಂದರೆ ಗಾಲಿಯಲ್ಲಿ ಅಚ್ಚು ಕೂರುವ ಸರಿಯಿಲ್ಲದ ರಂಧ್ರವೆಂಬ ವಿವರಣೆ ಆಕರ್ಷಕವೇ ಆದರೂ ಇತ್ಯರ್ಥವಾದದ್ದಲ್ಲ: 1899ರ ಮೋನಿಯರ್ ವಿಲಿಯಮ್ಸ್ ಸಂಸ್ಕೃತ ನಿಘಂಟು ಕೆಟ್ಟ ಸ್ಥಿತಿಯಲ್ಲಿರುವ ಎಂಬ ಅರ್ಥದ ‘ದುಃಸ್ಥ’ದ ಪ್ರಾಕೃತರೂಪವೆಂಬ ಊಹೆಯನ್ನೇ ಹೆಚ್ಚು ಸಂಭವನೀಯವೆಂದು ಎಣಿಸುತ್ತದೆ.

ನಿಮ್ಮ ನಿಜವಾದ ಲೇಖನವು ನಡುವಿನ ಒಂದು ಸಾಲಿನಲ್ಲಿ ಅಡಗಿದೆ. ‘ಶೋಕ’ವು ಉರಿ, ಹೊಳೆ ಎಂಬ ಅರ್ಥದ ‘ಶುಚ್’ ಧಾತುವಿನದೆಂದು ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ಅದೇ ಧಾತುವಿನಿಂದ ‘ಶುಚಿ’ ಎಂಬ ಪದವೂ ಹುಟ್ಟಿತೆಂಬುದು ನಿಮ್ಮ ಕುತೂಹಲವನ್ನು ಕೆರಳಿಸಲಿಲ್ಲವೇ? ಸಂತಾಪ, ಪರಿತಾಪ, ಅನುತಾಪಗಳಲ್ಲಿ ‘ತಪ್’ ಧಾತುವಿನ ಬಿಸಿಯಿದೆ. ಕನ್ನಡದ್ದೇ ಆದ ‘ಬೇಗುದಿ’ಯಲ್ಲಿ ಬೇಗೆಯೂ ಕುದಿಯೂ ಕೇಳಿಸುತ್ತವೆ. ಹಳಗನ್ನಡದಲ್ಲಿ ದುಃಖವನ್ನು ಹೇಳುವ ‘ಅೞಲ್’ ತಮಿಳಿನಲ್ಲಿ ಬೆಂಕಿಯನ್ನು ಹೇಳುತ್ತದೆ. ಆದರೆ ಇವುಗಳ ನಂಟನ್ನು ಸಾರುವ ಮುನ್ನ ಅಳುವುದನ್ನು ಹೇಳುವ ‘ಅೞು’ವಿನ ಪಕ್ಕದಲ್ಲಿಟ್ಟು ಪರೀಕ್ಷಿಸಬೇಕು. (‘ಹೊಟ್ಟೆಯುರಿ’ಯನ್ನು ಮಾತ್ರ ಎಚ್ಚರದಿಂದ ಬಳಸಿ, ಅದು ಈಗ ಬಹುಮಟ್ಟಿಗೆ ಅಸೂಯೆಯ ಪಾಲಾಗಿದೆ.)

ಹುಟ್ಟಿನಷ್ಟೇ ಬಳಕೆಗೂ ಜಾಗ ಕೊಡಿ. ಒಂದು ಕಾಲಕ್ಕೆ ನೊಂದವನ ಒಳಗಿನ ಬೇಗೆಯಾಗಿದ್ದ ‘ಸಂತಾಪ’ವನ್ನು ಇಂದು ಹೊರಗಿನವರು ‘ಸೂಚಿಸುತ್ತಾರೆ’, ನೊಂದವರೇ ತಮಗೆ ಸಂತಾಪವಾಗಿದೆ ಎನ್ನುವುದು ಅಪರೂಪ. ‘ವಿಷಾದಿಸುತ್ತೇವೆ’ ಎಂಬುದು ಕಚೇರಿಯ ಪ್ರಕಟಣೆಗಳ ಮಾತಾಗಿದೆ. ಆದರೂ ನೀವು ಇವೆರಡನ್ನೂ ‘ಶೋಕ’ದ ಸಮಾನಾರ್ಥಕಗಳೆಂದು ಒಂದೇ ಪಟ್ಟಿಯಲ್ಲಿ ಸೇರಿಸಿದ್ದೀರಿ.

ಕನ್ನಡ ಪದಗಳಿಗೆ 1894ರ ಕಿಟ್ಟೆಲ್ ನಿಘಂಟನ್ನು ತೆರೆದು ನೋಡಿ. ಉಳಿದ ಪದಗಳನ್ನು ಕೈಬಿಟ್ಟು, ಉರಿಯ ಈ ಕುಟುಂಬವೊಂದನ್ನೇ ಹಿಡಿದು ಮತ್ತೆ ಬರೆದು ಕಳುಹಿಸಿದರೆ ಖಂಡಿತವಾಗಿ ಓದುತ್ತೇನೆ.

ಇಂತಿ,
ಸಂಪಾದಕ